ಉತ್ತರದ ಗೋಡೆಯ ಬಿಸಿ

ಗೆರ್ಲಿಂಡೆಯವರ ಮನೆಯ ಉತ್ತರದ ಗೋಡೆಗೆ ಕಿಟಕಿ ಇರಲಿಲ್ಲ. ಬಿಸಿಲು ತಾಗದ ಅಂಥ ಗೋಡೆಗೇ ಬಾಯ್ಲರ್ ಕೆಲಸದ ನಾವು ತಾಪಮಾಪಕ ಹಾಕುವುದು. ಅದು ತೋರಿಸುವ ಹೊರಗಿನ ಚಳಿ ನೋಡಿಕೊಂಡು ಬಾಯ್ಲರ್ ತಾನೇ ಮನೆ ಕಾಯಿಸುತ್ತದೆ. ಏಣಿ ಹತ್ತಿ ಎರಡಾಳೆತ್ತರದಲ್ಲಿ ಕೂರಿಸಿದೆ.

"ಕೆನರಿ ಹಕ್ಕಿಗಳಿಗೆ ಚಳಿ ತಾಗಬಾರದು, ಮೇಸ್ತ್ರಿ. ತೀರಿಹೋದ ನಮ್ಮೆಜಮಾನ್ರು ಸಾಕಿದ್ದವು. ನಾನು ಸತ್ತರೆ ಇವನ್ನೂ ಜೊತೆಗೇ ಕಳಿಸು ಅಂತಿದ್ರು, ಹುಚ್ಚಪ್ಪ."

"ನೀವು ನಿಶ್ಚಿಂತೆಯಿಂದ ತಂಗಿಯ ಮನೆಗೆ ಹೋಗಿಬನ್ನಿ, ಅಮ್ಮ."

ಅಲ್ಲಿ ಎರಡು ದಿನ ಇದ್ದು ಬಂದವರೇ ಫೋನ್ ಮಾಡಿದರು. "ನಿಮ್ಮ ಯಂತ್ರಕ್ಕೆ ಬೇಸಿಗೆ ಬಂದಿದೆ, ಬೇಗ ಬನ್ನಿ!"

ಹಾರ್ಟ್ಸ್ ಬೆಟ್ಟದಲ್ಲಿ ಅವತ್ತು ಮೈನಸ್ ಹನ್ನೊಂದು. ಬಾಯ್ಲರ್ ಪರದೆಯಲ್ಲಿ ಹೊರಗಿನ ತಾಪ ಮೂವತ್ತಾರೂವರೆ, ಮನುಷ್ಯನ ಮೈಬಿಸಿಯಷ್ಟು. ಅದಕ್ಕೇ ಬಾಯ್ಲರಿನ ಉರಿ ಆರಿತ್ತು. ಹೊಸ ಮಾಪಕ ಹಾಕಿದೆ.

"ಈಗೆಷ್ಟು?" ಏಣಿಯ ಮೇಲಿಂದ ಕೂಗಿದೆ.

"ಅಷ್ಟೇ ಇದೆ ಕಣ್ರೀ!"

ಗೋಡೆಯೆಲ್ಲ ಹಿಮಗಟ್ಟಿತ್ತು. ಮಾಪಕದ ಸುತ್ತ ಮಾತ್ರ ಅಂಗೈಯಗಲ ಜಾಗ ಒಣಗಿ, ಬೆಚ್ಚಗಿತ್ತು. ಹಕ್ಕಿಕಾಳಿನ ವಾಸನೆ ಬರುತ್ತಿತ್ತು. ಕೆಳಗಿನ ಹಿಮದಲ್ಲಿ ನನ್ನ ಹೆಜ್ಜೆ ಬಿಟ್ಟರೆ ಬೇರೆ ಗುರುತಿರಲಿಲ್ಲ.

ಒಳಗೆ ಒಂದು ಹಕ್ಕಿ ಹಾಡುತ್ತಿತ್ತು. ಗಂಡನ ಮಣ್ಣಾದ ಮೇಲೆ ಗೆರ್ಲಿಂಡೆ ಕೊಂಡುತಂದದ್ದು ಅದೊಂದೇ. ಗಂಡ ಸಾಕಿದ್ದ ಹದಿನಾಲ್ಕೂ ಆ ಎರಡು ದಿನದ ಚಳಿಗೆ ಸತ್ತಿದ್ದವು.