ಎರಡನೆಯ ಮೋಟರ್

ಕಂಪ್ಯೂಟರಿನಲ್ಲಿ ಒಂದು ಗೇರು ಸರಾಗವಾಗಿ ತಿರುಗಿದ್ದಕ್ಕೆ ಬೈಲಹೊಂಗಲದ ಸಾಯಿಮಾಳ ಮದುವೆ ಗೊತ್ತಾಯಿತು ಎಂದರೆ ಜನ ನಗುತ್ತಾರೆ. ನಗಲಿ. ನಡೆದದ್ದು ಹಾಗೆಯೇ.

ಅವಳ ಅಪ್ಪ ನಿಜಾಮಸಾಬ ತನ್ನ ವರ್ಕ್‌ಶಾಪಿನಲ್ಲಿ ಗಾಣದ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಕಲಕುವ ಯಂತ್ರ ಮಾಡುತ್ತಿದ್ದ. ಅದರ ಗೇರ್‌ಬಾಕ್ಸನ್ನು ಎತ್ತಲು ನಾಲ್ಕು ಆಳು ಬೇಕಾಗುತ್ತಿತ್ತು. ಯರಗಟ್ಟಿಯ ಅಲ್ತಮಶ, ಕಂಪ್ಯೂಟರಿನಲ್ಲಿ ಯಂತ್ರದ ನಕ್ಷೆ ಬಿಡಿಸುವ ಕ್ಯಾಡ್ ಕ್ಲಾಸಿನಲ್ಲಿ ಸಾಯಿಮಾಳ ಪಕ್ಕದ ಕುರ್ಚಿಯವನು, ಈಗ ಅದೇ ವರ್ಕ್‌ಶಾಪಿನಲ್ಲಿ ಅವಳ ಜೊತೆ ಡ್ರಾಯಿಂಗ್ ಮಾಡುವವನು, ಒಂದು ದಿನ ಸೈಕ್ಲಾಯ್ಡಲ್ ಗೇರಿನ ಮಾತು ತೆಗೆದ. ಒಬ್ಬನೇ ಎತ್ತುವಷ್ಟು ಹಗುರ ಎಂದ.

ಅದು ಹಲ್ಲಿನ ಗೇರಲ್ಲ. ಅಂಚಿನ ತುಂಬ ಅಲೆಗಳಿರುವ ಒಂದು ಬಿಲ್ಲೆ, ಅದರ ಸುತ್ತ ಗೂಟಗಳ ಬಳೆ. ಮೋಟರು ತಿರುಗಿಸುವ ಒಳಗಿನ ಶಾಫ್ಟು ನೂಕಿದಂತೆಲ್ಲ ಬಿಲ್ಲೆ ಗೂಟಗಳಿಗೆ ಒರಗುತ್ತ, ಓಲಾಡುತ್ತ, ನಿಧಾನಕ್ಕೆ ಹೊರಳುತ್ತದೆ. ಬಿಲ್ಲೆಯ ತೂತುಗಳಲ್ಲಿ ಕೂತ ಪಿನ್ನುಗಳು ಆ ನಿಧಾನವನ್ನು ಹೊರಗಿನ ಶಾಫ್ಟಿಗೆ ದಾಟಿಸುತ್ತವೆ.

"ಓಲಾಡಕೋತ ಹೋದ್ರೂ ಮನಿ ಮುಟ್ಟತೈತಿ ನೋಡು, ನನ್ನಂಗ," ಎಂದಿದ್ದ ಅಲ್ತಮಶ.

"ನಿನ್ನಂಗ ಆದ್ರ ದಾರ್‍ಯಾಗಿನ ಚಾದಂಗಡಿ ಎಲ್ಲಾ ಮುಟ್ಟಿ, ಆಮ್ಯಾಲ ಮನಿ ಮುಟ್ಟತೈತಿ."

ಫೈಲು ತೆರೆಯುವ ಮೊದಲು ಸ್ಕ್ರೀನು ಒಂದು ಗಳಿಗೆ ಕಪ್ಪಾಗುತ್ತಿತ್ತು. ಆ ಕಪ್ಪಿನಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಅವನು ಅವಳನ್ನು ನೋಡುವುದನ್ನು ಅವಳು ನೋಡುತ್ತಿದ್ದಳು. ಸ್ಕ್ರೀನು ಬೆಳಗಿದೊಡನೆ ಇಬ್ಬರೂ ಭಾರೀ ಕೆಲಸವಿದ್ದವರಂತೆ ಅದರೊಳಗೆ ಕಣ್ಣು ನೆಡುತ್ತಿದ್ದರು.

ನಿಜಾಮಸಾಬನಿಗೆ ಇದೆಲ್ಲ ಗೊತ್ತಾಗದೆ ಇರಲಿಲ್ಲ. "ಮೊದಲ ಕಂಪ್ಯೂಟರಿನ್ಯಾಗ ತಿರುಗಿಸಿ ತೋರಸು," ಎಂದ ಅಲ್ತಮಶನಿಗೆ. "ತಿರುಗಿದ್ರ ಉಕ್ಕಿನ ಪ್ಲೇಟ್ ಕೊಯ್ಯೂಣು, ನಿಮ್ಮ ಹಿರೇರನ್ನೂ ಕರ್ಕೊಂಡ ಬಾ."

ಹೋದ ವಾರ ಅಲ್ತಮಶ ತಿರುಗಿಸಿ ತೋರಿಸಿದ್ದ. ಅಪ್ಪ ಅವನನ್ನು ಬಿಟ್ಟು ಮಗಳನ್ನು ಕೇಳಿದ್ದ: "ಖರೇನ ತಾಗಿ ತಿರಗತೈತೇನ ಬೇಟಾ? ಸುಮ್ಮ ಚಿತ್ರ ಅಲ್ಲಲ್ಲ?"

"ತಾಗೇ ತಿರಗತೈತಿ ಅಬ್ಬಾ." ಹಾಗೆಂದು ಹಿಂದಿನ ದಿನವಷ್ಟೇ ಅಲ್ತಮಶ ಅವಳಿಗೆ ಹೇಳಿದ್ದ.

ಬರುವ ಶುಕ್ರವಾರ ನಮಾಜ್ ಆದ ಮೇಲೆ ಮಂಗಣಿ, ಅಂದರೆ ನಿಶ್ಚಿತಾರ್ಥ, ಎಂದು ಗೊತ್ತಾಯಿತು.

ಬುಧವಾರ ಮಧ್ಯಾಹ್ನ, ಪ್ಲೇಟ್ ಕೊಯ್ಯಲು ಕೊಡುವ ಡ್ರಾಯಿಂಗ್ ತೆಗೆಯಲು ಸಾಯಿಮಾ ಫೈಲು ತೆರೆದಳು. ಸಿಮ್ಯುಲೇಶನ್ನಿನ ಪಟ್ಟಿಯಲ್ಲಿ ಒಳಗಿನ ಶಾಫ್ಟಿಗೆ ಒಂದು ಮೋಟರ್ ಇತ್ತು. ಸರಿ. ಕೆಳಗೆ ಒಂದು ಫೋಲ್ಡರಿನಲ್ಲಿ ಇನ್ನೊಂದು ಮೋಟರ್ ಇತ್ತು, ಹೊರಗಿನ ಶಾಫ್ಟಿಗೆ.

ಅಲ್ಲಿ ಮೋಟರ್ ಇರಲೇಬಾರದು. ಹೊರಗಿನ ಶಾಫ್ಟು ಬಿಲ್ಲೆ ನೂಕಿದರೆ ಮಾತ್ರ ತಿರುಗಬೇಕು. ಇಲ್ಲಿ ಅದು ತನ್ನಷ್ಟಕ್ಕೆ ತಿರುಗುತ್ತಿತ್ತು, ಬಿಲ್ಲೆಯನ್ನೂ ಅದಕ್ಕೇ ಕಟ್ಟಿಹಾಕಿತ್ತು. ಭಾಗಕ್ಕೆ ಭಾಗ ತಾಗುವಂತೆ ಮಾಡುವ ಕಾಂಟ್ಯಾಕ್ಟ್ ಆಫ್ ಮಾಡಿತ್ತು. ಹಿಗ್ಗಿಸಿ ನೋಡಿದಳು. ಪಿನ್ನುಗಳು ಉಕ್ಕಿನ ಬಿಲ್ಲೆಯೊಳಗೆ ನೀರಿನಲ್ಲಿ ಮುಳುಗಿದಂತೆ ಮುಳುಗಿ ಏಳುತ್ತಿದ್ದವು.

ಎರಡನೆಯ ಮೋಟರ್ ಅಳಿಸಿ, ಕಾಂಟ್ಯಾಕ್ಟ್ ಕೊಟ್ಟು, ಮತ್ತೆ ಓಡಿಸಿದಳು. ಬಿಲ್ಲೆ ಕೂದಲೆಳೆಯಷ್ಟು ಸರಿದು ಗಪ್ಪನೆ ನಿಂತಿತು.

ಕಾರಣ ಅವಳಿಗೆ ಕೂಡಲೇ ಹೊಳೆಯಿತು. ಪಿನ್ನು ಎಷ್ಟು ದಪ್ಪವೋ ತೂತೂ ಅಷ್ಟೇ ಅಗಲವಿತ್ತು. ಬಿಲ್ಲೆ ಓಲಾಡಲು ಜಾಗವೇ ಇರಲಿಲ್ಲ. ಒಂದು ಅಳತೆ ತಿದ್ದಿದರೆ ಮುಗಿಯುವ ತಪ್ಪು. ಅದಕ್ಕಾಗಿ ಇಷ್ಟು ದೊಡ್ಡ ಸುಳ್ಳು!

ಅಷ್ಟರಲ್ಲಿ ಅಲ್ತಮಶ ಬಂದ. "ಏನ್ ಮೇಡಂ, ಮಾರಿ ಯಾಕ ಇಂಜಿನ್ ಸೀಜ್ ಆದಂಗ ಆಗೇತಿ?"

ಅವಳು ಸ್ಕ್ರೀನನ್ನು ಅವನತ್ತ ತಿರುಗಿಸಿದಳು. "ಇಲ್ಲಿ ಎರಡನೇ ಮೋಟರ್ ಯಾಕಿತ್ತು?"

ನಗು ಅವನ ಮುಖದ ಮೇಲೆ ಹಾಗೆಯೇ ಸಿಕ್ಕಿಕೊಂಡಿತು. "ಅದು... ಟೆಂಪರರಿ ಹಾಕಿದ್ದೆ."

"ಎಲ್ಲೀತನಕ ಟೆಂಪರರಿ? ನಿಕಾಹ್ ಆಗೂತನಕಾ?"

"ಜಾಮ್ ಆಗಾಕ ಹತ್ತಿತ್ತು ಸಾಯಿಮಾ. ಏನ್ ಮಾಡಿದ್ರೂ ತಿಳೀಲಿಲ್ಲ. ತಿರುಗಲಿಲ್ಲ ಅಂದ್ರ ಚಾಚಾ ನಿನ್ನ ಕೊಡೂದಿಲ್ಲ ಅಂತ ಹೆದರಿದೆ."

"ನಾ ಬಾಜೂ ಕುರ್ಚಿಮ್ಯಾಗ ಕುಂತಿದ್ನೆಲ್ಲೋ! ಕೇಳಾಕ ಬಾಯಿ ಇರಲಿಲ್ಲಾ?"

"ನಿನ್ನ ಮುಂದ ದಡ್ಡ ಆಗಬಾರದು ಅಂತ..."

"ಅದಕ್ಕ ನನ್ನ ದಡ್ಡಿ ಮಾಡಿದಿ. ಅಬ್ಬಾ ಕೇಳಿದ್ದು ನನ್ನ. ತಾಗೇ ತಿರಗತೈತಿ ಅಂದಾಕಿ ನಾ. ನೀ ಬಾಜೂ ನಿಂತು ನಗಾಕ ಹತ್ತಿದ್ದಿ."

ಆ ನಗುವನ್ನು ಅವಳು ಎಷ್ಟು ಜೋಪಾನ ಮಾಡಿದ್ದಳು! ನೆನೆದಾಗಲೆಲ್ಲ ಕೆನ್ನೆ ಬಿಸಿಯಾಗುತ್ತಿತ್ತು. ಈಗಲೂ ಬಿಸಿಯಾಯಿತು, ಬೇರೆ ಕಾರಣಕ್ಕೆ.

ಗದ್ದಲ ಕೇಳಿ ನಿಜಾಮಸಾಬ ಕೈಯೊರೆಸುತ್ತ ಒಳಗೆ ಬಂದ. ಅಲ್ತಮಶ ತಾನಾಗಿ ಹೇಳಿದ: "ಚಾಚಾ, ಅವತ್ತ ತೋರಿಸಿದ್ದು ಸುಳ್ಳರಿ. ಗೇರ್ ತಿರಗಂಗಿಲ್ರಿ."

ನಿಜಾಮಸಾಬ ಮನಸಾರೆ ಬೈದ. ಬೈದು ದಣಿದು ಸ್ಟೂಲಿನ ಮೇಲೆ ಕುಳಿತ. "ಪ್ಲೇಟ್ ಇನ್ನೂ ಕೊಯ್ದಿಲ್ಲಲ್ಲ? ಹಂಗಾರ ಹೋಗ್ಲಿ ಬಿಡು. ನಾನೂ ಇಕಿ ಅಮ್ಮೀನ ಕೇಳಾಕ ಹೋದಾಗ ಸ್ವಂತ ವರ್ಕ್‌ಶಾಪ್ ಐತಿ ಅಂದಿದ್ದೆ. ಇದ್ದದ್ದು ಒಂದು ಸುತ್ತಿಗಿ. ಮಂಗಣಿ ಮುರಿಯೂದ ಬ್ಯಾಡ."

ಅಲ್ತಮಶನ ಮುಖಕ್ಕೆ ಜೀವ ಬಂತು. ಅದನ್ನು ನೋಡಿ ಸಾಯಿಮಾಳ ಮೈಯೆಲ್ಲ ಉರಿಯಿತು.

"ನಿಮಗ ಹೇಳಿದ ಸುಳ್ಳನ್ನ ನೀವ ಮಾಫ್ ಮಾಡ್ರಿ ಅಬ್ಬಾ. ನನಗ ಹೇಳಿದ್ದನ್ನ ಮಾಫ್ ಮಾಡೂ ಹಕ್ಕ ನಿಮಗಿಲ್ಲ."

ನಿಜಾಮಸಾಬ ಮಗಳ ಮುಖ ನೋಡಿ ಎದ್ದು ಹೊರಗೆ ಹೋದ.

ಅವಳು ತೂತುಗಳನ್ನು ಅಗಲ ಮಾಡಿ ಮತ್ತೆ ಓಡಿಸಿದಳು. ಲೆಕ್ಕ ನಿಧಾನವಾಗಿ ಸಾಗಿತು. ಬಿಲ್ಲೆ ಗೂಟದಿಂದ ಗೂಟಕ್ಕೆ ಒರಗಿತು. ಹೊರಗಿನ ಶಾಫ್ಟು, ಯಾವ ಮೋಟರೂ ಇಲ್ಲದೆ, ಹೊರಳಿತು.

"ತಿರಗಾಕ ಹತ್ತೇತಿ," ಎಂದ ಅಲ್ತಮಶ.

"ಹೂಂ. ಶುಕ್ರವಾರ ಬರಬ್ಯಾಡ."

"ನಿನ್ನ ಮ್ಯಾಲಿನ ಪ್ರೀತಿ ಸುಳ್ಳಲ್ಲ, ಸಾಯಿಮಾ."

ಇಷ್ಟು ದಿನದಲ್ಲಿ ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅವಳು ಅವನನ್ನು ನೇರವಾಗಿ ನೋಡಿದಳು.

"ಗೊತ್ತೈತಿ. ಸುಳ್ಳಾಗಿದ್ರ ನನಗ ಇಷ್ಟ್ ಉರೀತಿರಲಿಲ್ಲ. ಹೋಗು."

ಅವನ ಬೈಕಿನ ಸದ್ದು ಊರು ದಾಟುವ ತನಕ ಅವಳು ಕಿವಿಗೊಟ್ಟು ಕುಳಿತಳು. ಆಮೇಲೆ ಎದ್ದು, ಶುಕ್ರವಾರದ ಅಡುಗೆ ಬೇಡವೆಂದು ಅಮ್ಮಿಗೆ ಹೇಳಲು ಮನೆಯ ಕಡೆ ನಡೆದಳು.