ಸೀಸನ್ ಮುಗಿದ ಮೇಲೆ ಬಂದ ಜೋಡಿ

ಅವಳು ಕರೆದಳು. ಅವನು ತಿರುಗಿ ನೋಡಲಿಲ್ಲ.

ವಿಮಾನ ನಿಲ್ದಾಣದ ಗಾಜಿನ ಬಾಗಿಲಿನಿಂದ ಜನ ಟ್ರಾಲಿ ತಳ್ಳಿಕೊಂಡು ಬರುತ್ತಲೇ ಇದ್ದರು. ಕಂಬಿಯ ಈಚೆ ತುದಿಗಾಲಲ್ಲಿ ನಿಂತು, ಒಂದೊಂದೇ ಮುಖ ಹುಡುಕಿ ಹುಡುಕಿ, ಅವಳು ಕೊನೆಗೂ ಅವನನ್ನು ಕಂಡಿದ್ದಳು. ಸೊರಗಿಹೋಗಿದ್ದ. ಹಡಗಿನ ಎಂಜಿನ್ ರೂಮಿನಲ್ಲಿ ಬಿಸಿಲು ಕಾಣದೆ ಬಿಳಿಚಿಕೊಂಡಿದ್ದ. ಆದರೂ ಅದೇ ನಡಿಗೆ, ಕಾಲ ಕೆಳಗಿನ ನೆಲವನ್ನು ಪೂರ್ತಿ ನಂಬದವನ ನಡಿಗೆ.

"ರೀ..."

ಇಷ್ಟು ಹತ್ತಿರದಲ್ಲೇ ಹಾದುಹೋದ. ಅವಳು ಇನ್ನೊಮ್ಮೆ ಕರೆದಳು. ಕೊನೆಗೆ ಓಡಿಹೋಗಿ ತೋಳು ಹಿಡಿದಾಗ ಬೆಚ್ಚಿಬಿದ್ದು ತಿರುಗಿದ. ಒಂದು ಗಳಿಗೆ ಯಾರೋ ಅಪರಿಚಿತಳನ್ನು ನೋಡಿದ ಹಾಗೆ ನೋಡಿ, ಆಮೇಲೆ ನಕ್ಕ.

'ನನ್ನ ದನಿಯೇ ಮರೆತುಹೋಯಿತಾ ಇವರಿಗೆ?'

ಟ್ಯಾಕ್ಸಿಯಲ್ಲಿ ಕೂತು ಮನೆ ಸೇರುವವರೆಗೂ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಮದುವೆಯಾಗಿ ನಾಲ್ಕು ವರ್ಷ. ಅವನು ಸರಕು ಹಡಗಿನ ಎಂಜಿನಿಯರ್. ಅವಳು ಒಂದು ಬೇಕರಿಯಲ್ಲಿ ಕೇಕ್ ಅಲಂಕರಿಸುವವಳು. ಕ್ರೀಮಿನಲ್ಲಿ ಹೂ ಬಿಡಿಸುವುದು, ಯಾರ್ಯಾರದೋ ಹೆಸರು ಬರೆಯುವುದು ಅವಳ ಕೆಲಸ. ನಾಲ್ಕು ವರ್ಷದಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದ ದಿನಗಳನ್ನೆಲ್ಲ ಒಟ್ಟುಗೂಡಿಸಿದರೂ ಒಂದು ವರ್ಷ ತುಂಬುತ್ತಿರಲಿಲ್ಲ.

ಅದರಲ್ಲೂ ಅವನ ರಜೆ ಯಾವಾಗಲೂ ಅಕಾಲದಲ್ಲೇ ಬರುತ್ತಿತ್ತು. ಲೋಕಕ್ಕೆಲ್ಲ ರಜೆ ಇದ್ದಾಗ ಅವನು ನಡುನೀರಿನಲ್ಲಿ. ಅವನು ಬರುವಷ್ಟರಲ್ಲಿ ಶಾಲೆಗಳು ಶುರುವಾಗಿ, ಗೆಳತಿಯರೆಲ್ಲ ಸುತ್ತಾಡಿ ಬಂದು, ಫೋಟೋ ತೋರಿಸಿ ಮುಗಿಸಿರುತ್ತಿದ್ದರು.

"ಹಾಗಾದ್ರೆ ಸೀಸನ್ ಮುಗಿದ ಮೇಲೇ ಹೋಗೋಣ ಕ್ಯಾಪ್ಟನ್," ಎಂದಿದ್ದ ಅವನು ಫೋನಿನಲ್ಲಿ. ಮನೆಯಲ್ಲಿ ಅವಳದೇ ದರ್ಬಾರು ಎಂದು ಹಾಗೆ ಕರೆಯುತ್ತಿದ್ದ. "ಥೀಮ್ ಪಾರ್ಕಿಗೆ. ಕ್ಯೂ ಇಲ್ಲ, ಗಲಾಟೆ ಇಲ್ಲ. ನಾವಿಬ್ರೇ."

ಆ ಒಂದು ಮಾತಿನ ಮೇಲೆ ಅವಳು ತಿಂಗಳುಗಟ್ಟಲೆ ಬದುಕಿದ್ದಳು. ಸಂಜೆ ಬೇಕರಿಯಿಂದ ಬಂದು, ಒಬ್ಬಳಿಗೇ ಅಡುಗೆ ಮಾಡಲು ಬೇಜಾರಾಗಿ ಬ್ರೆಡ್ ತಿನ್ನುತ್ತ ಮೊಬೈಲಿನಲ್ಲಿ ಪಾರ್ಕಿನ ನಕ್ಷೆ ನೋಡುತ್ತಿದ್ದಳು. ನೀರಿನ ಆಟಗಳೆಲ್ಲ ಆಗ ಬಂದ್. ರೋಲರ್ ಕೋಸ್ಟರ್ ರಿಪೇರಿಗೆ ನಿಂತಿರುತ್ತದೆ. ಆದರೆ ದೈತ್ಯ ಚಕ್ರ ಇರುತ್ತದೆ, ಪುಟಾಣಿ ರೈಲು ಇರುತ್ತದೆ, ಸೀಸನ್ನಿನಲ್ಲಿ ಜಪ್ಪಯ್ಯ ಅಂದರೂ ಸಿಗದ ಕೆರೆ ಕಡೆಯ ರೂಮು ಸಿಗುತ್ತದೆ. ಸಿಗ್ನಲ್ ಸಿಕ್ಕಾಗಲೆಲ್ಲ ಇದನ್ನೆಲ್ಲ ಅವನಿಗೆ ಒಪ್ಪಿಸುತ್ತಿದ್ದಳು.

ಒಂದು ವಿಷಯ ಮಾತ್ರ ಹೇಳಿರಲಿಲ್ಲ.

ಅವನು ಹೊರಟುಹೋದ ಮೇಲೆ ಗೊತ್ತಾಗಿತ್ತು, ಅವಳು ಬಸುರಿ ಎಂದು. ಒಳ್ಳೆಯ ಸಿಗ್ನಲ್ ಸಿಗಲಿ, ಮುಖ ನೋಡಿಕೊಂಡೇ ಹೇಳಬೇಕು ಎಂದು ಕಾದಳು. ಕಾಯುತ್ತಿರುವಾಗಲೇ ಒಂದು ಮಧ್ಯಾಹ್ನ, ಬೇಕರಿಯಲ್ಲಿ ಕೈಯಲ್ಲಿ ಕ್ರೀಮಿನ ಕೋನ್ ಹಿಡಿದು ನಿಂತಿದ್ದವಳಿಗೆ ಹೊಟ್ಟೆ ಹಿಂಡಿ ಬಂತು. ಗಂಡನ ಅಕ್ಕ ಆಸ್ಪತ್ರೆಗೆ ಸೇರಿಸಿದರು, ಪಕ್ಕದಲ್ಲೇ ಕೂತಿದ್ದರು. ತಮ್ಮನಿಗೆ ತಿಳಿಸುತ್ತೇನೆಂದು ಅವರು ಫೋನ್ ತೆಗೆದರೆ ಅವಳೇ ತಡೆದಳು. ಅಷ್ಟು ದೂರದಲ್ಲಿ ಇರುವವರಿಗೆ ಹೇಳಿ ಸಂಕಟ ಕೊಡುವುದು ಯಾಕೆ, ಬಂದ ಮೇಲೆ ನಾನೇ ಹೇಳುತ್ತೇನೆ ಎಂದಳು.

ಮತ್ತೆ ಕೆಲಸಕ್ಕೆ ಹೋದ ದಿನ ಯಾರದೋ ಮಗುವಿನ ಮೊದಲ ಹುಟ್ಟುಹಬ್ಬದ ಕೇಕು ಅವಳ ಮೇಜಿನ ಮೇಲಿತ್ತು. ಹೆಸರು ಬರೆದಳು. ಅಕ್ಷರ ಒಂದಿಷ್ಟೂ ಸೊಟ್ಟಗಾಗಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿಂದಿನ ಬಾಗಿಲಿಗೆ ಹೋಗಿ ಅತ್ತಳು.

ಇಷ್ಟನ್ನೂ ಅವನಿಗಾಗಿ ಎದೆಯೊಳಗೆ ಕಾಪಿಟ್ಟುಕೊಂಡಿದ್ದಳು.

ಅವನು ಬಂದ ಮಾರನೆಯ ಬೆಳಿಗ್ಗೆ ಹೇಳಿಬಿಟ್ಟಳು. ಅವನು ಅಡುಗೆಮನೆಯಲ್ಲಿ ಬಗ್ಗಿ, ಬಹಳ ದಿನದಿಂದ ಸೋರುತ್ತಿದ್ದ ನಲ್ಲಿ ರಿಪೇರಿ ಮಾಡುತ್ತಿದ್ದ. ಮುಖ ನೋಡಿ ಹೇಳುವ ಧೈರ್ಯ ಅವಳಿಗೆ ಸಾಲಲಿಲ್ಲ. ಅವನ ಎಡಗಡೆ, ಬೆನ್ನ ಹಿಂದೆ ನಿಂತಳು.

"ನೀವು ಹೋದ್ಮೇಲೆ ನಾನು ಬಸುರಿ ಆಗಿದ್ದೆ ರೀ... ಮಗು ಉಳೀಲಿಲ್ಲ."

ಅವನ ಕೈ ನಿಲ್ಲಲಿಲ್ಲ. ಸ್ಪ್ಯಾನರ್ ಇನ್ನೊಂದು ಸುತ್ತು ತಿರುಗಿತು.

"ಆಯ್ತು ಬಿಡು, ಇನ್ನೇನೂ ತೊಂದ್ರೆ ಇಲ್ಲ," ಎಂದ. "ಒಂದು ಟೀ ಮಾಡ್ತೀಯಾ?"

ಅವಳು ಟೀ ಮಾಡಿದಳು.

ಅವತ್ತಿನಿಂದ ಅವಳ ಮಾತು ನಿಂತುಹೋಯಿತು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅವನೂ ಮೊದಲಿನ ಹಾಗಿರಲಿಲ್ಲ. ಅವಳು ಏನೇ ಹೇಳಿದರೂ ಸುಮ್ಮನೆ ತಲೆಯಾಡಿಸುತ್ತಿದ್ದ. ಟಿವಿ ಜೋರಾಗಿ ಇಟ್ಟುಕೊಂಡು ಕೂತುಬಿಡುತ್ತಿದ್ದ. ರಸ್ತೆಯಲ್ಲಿ ನಡೆಯುವಾಗ ಅವಳು ಅವನ ಎಡಕ್ಕೆ ಬಂದರೆ ಸರಿದು ಅವಳ ಆಚೆ ಬದಿಗೆ ಹೋಗುತ್ತಿದ್ದ.

'ನನ್ನ ಪಕ್ಕ ನಡೆಯೋದೂ ಬೇಡವಾಯ್ತಾ?'

ಅವನು ಕಡಲಲ್ಲಿದ್ದಾಗ ಮನೆ ಖಾಲಿ ಎನಿಸುತ್ತಿತ್ತು. ಈಗ ಅವನು ಎದುರಿನ ಕುರ್ಚಿಯಲ್ಲೇ ಇದ್ದ, ಖಾಲಿತನ ಮಾತ್ರ ಇಮ್ಮಡಿಯಾಗಿತ್ತು. ದೂರ ಇರುವವರಿಗಾಗಿ ಕಾಯಬಹುದು. ಪಕ್ಕದಲ್ಲಿ ಇರುವವರಿಗಾಗಿ ಹೇಗೆ ಕಾಯುವುದು?

ಪಾರ್ಕಿಗೆ ಹೋಗುವುದು ಬೇಡವೆನಿಸಿದರೆ ಬಿಟ್ಟುಬಿಡೋಣ ಎಂದು ಅವನೇ ಒಂದು ದಿನ ಹೇಳಿದ. ರೂಮು ಬುಕ್ ಆಗಿದೆ, ಹೋಗಿ ಬಂದರಾಯಿತು ಎಂದಳು ಅವಳು, ಯಾರೋ ಬೇರೆಯವರ ಕೆಲಸದ ಮೇಲೆ ಹೋಗುವವಳಂತೆ.

ಪಾರ್ಕ್ ಅವಳು ಅಂದುಕೊಂಡಿದ್ದಕ್ಕಿಂತಲೂ ಭಣಗುಡುತ್ತಿತ್ತು. ಗೇಟಿನ ಹುಡುಗಿ ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು, ಟಿಕೆಟ್ ಹರಿದು ಕೊಟ್ಟು, ಮತ್ತೆ ತನ್ನ ಮೊಬೈಲಿಗೆ ಮರಳಿದಳು. ಐಸ್‌ಕ್ರೀಮ್ ಅಂಗಡಿಗಳ ಶಟರ್ ಎಳೆದಿತ್ತು. ಮರದ ಕುದುರೆಗಳಿಗೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ನೀರಿಲ್ಲದ ಕೊಳದಲ್ಲಿ ಒಣಗಿದ ಎಲೆಗಳು ಗಾಳಿಗೆ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿದ್ದವು.

'ನಾವಿಬ್ರೇ' ಎಂದರೆ ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ದೈತ್ಯ ಚಕ್ರ ನಡೆಸುವಾತ ವಯಸ್ಸಾದ ಮನುಷ್ಯ. ಬೆಳಿಗ್ಗೆಯಿಂದ ನೀವೇ ಮೊದಲನೆಯವರು ಎಂದು ಖುಷಿಯಿಂದ ತೊಟ್ಟಿಲಿನ ಬಾಗಿಲು ತೆಗೆದ. ಹಿಂದಿನ ದಿನದ ಮಳೆಗೆ ಸೀಟಿನ ಬಲ ತುದಿ ಒದ್ದೆಯಾಗಿತ್ತು. ಹಾಗಾಗಿ ಅವನು ನಡುವೆ ಕೂತ, ಅವಳು ಅವನ ಎಡಕ್ಕೆ.

"ಕಾಲು ಸ್ವಲ್ಪ ಒಳಗೆ ತಗೊಳ್ಳಿ ಸಾರ್," ಎಂದ ಚಕ್ರ ನಡೆಸುವಾತ ಎಡಬದಿಯಿಂದ. ಅವನು ಅಲುಗಲಿಲ್ಲ. ಆತ ಮತ್ತೆ ಹೇಳಿದ. ಕೊನೆಗೆ ಭುಜ ಮುಟ್ಟಿದಾಗ ಬೆಚ್ಚಿ ಕಾಲೆಳೆದುಕೊಂಡ.

ಅವಳು ಅದನ್ನು ನೋಡಿದಳು. ಆದರೆ ಅವಳ ಮನಸ್ಸು ಬೇರೆಲ್ಲೋ ಇತ್ತು. ವಾರದಿಂದ ನುಂಗಿಕೊಂಡ ಮಾತನ್ನು ಇವತ್ತು ಹೇಳಿಬಿಡಬೇಕು ಎಂದುಕೊಂಡಿದ್ದಳು.

ತೊಟ್ಟಿಲು ಮೇಲೇರಿತು. ಮರಗಳು ಕೆಳಗಿಳಿದವು. ಖಾಲಿ ದಾರಿಗಳು, ಖಾಲಿ ಬೆಂಚುಗಳು ಒಂದೊಂದಾಗಿ ಕಾಣಿಸತೊಡಗಿದವು. ಅವಳು ಎದುರಿಗಿನ ಕಂಬಿಯನ್ನೇ ನೋಡುತ್ತ, ಮೆಲ್ಲಗೆ ಹೇಳಿದಳು.

"ನಾವು ಬೇರೆ ಆಗಿಬಿಡೋಣ ರೀ... ನನ್ನಿಂದ ಆಗ್ತಿಲ್ಲ."

"ಅಲ್ನೋಡು," ಎಂದ ಅವನು ಕೈ ಚಾಚಿ. ಮುಖ ಅರಳಿತ್ತು. "ನೀನು ಹೇಳಿದ ಕೆರೆ. ನಮ್ಮ ರೂಮು ಅದೇ ಕಡೆ ಅಲ್ವಾ?"

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಆ ಮಾತು ಕೇಳಿ ಯಾರೂ ಹೀಗೆ ನಗಲಾರರು. ಎಂಥ ಕಲ್ಲುಮನಸ್ಸಿನವರೂ ನಗಲಾರರು.

ಎರಡೂ ಕೈಯಲ್ಲಿ ಅವನ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಈಗ ನಾನು ಏನಂದೆ, ಹೇಳಿ."

ನಗು ಆರಿಹೋಯಿತು. "ಕೆರೆ... ಕೆರೆ ಬಗ್ಗೆ ಏನೋ ಅಂದೆ."

"ಅಲ್ಲ."

ಅವನು ಕಣ್ಣು ತಗ್ಗಿಸಿದ. ತೊಟ್ಟಿಲು ತುತ್ತತುದಿ ಮುಟ್ಟಿ ಇಳಿಯತೊಡಗಿತು. ಆಮೇಲೆ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ಎಡಗಿವಿ ಮುಟ್ಟಿಕೊಂಡ.

"ಇದು ಕೇಳಿಸಲ್ಲ. ಎಂಜಿನ್ ಸದ್ದಿಗೆ ಹೋಯ್ತು. ಮೊದಲು ಗುಂಯ್ ಅಂತಿತ್ತು, ಈಗ ಅದೂ ಇಲ್ಲ."

ಬಲಗಿವಿಯಲ್ಲಿ ಫೋನ್ ಇಟ್ಟುಕೊಂಡು ಹೇಗೋ ನಿಭಾಯಿಸಿದ್ದನಂತೆ. ಕಂಪನಿಯ ಡಾಕ್ಟರಿಗೆ ಗೊತ್ತಾದರೆ ಹಡಗು ಹತ್ತಲು ಬಿಡುವುದಿಲ್ಲ. ಕಲಿತದ್ದು ಅದೊಂದೇ ಕೆಲಸ. ಇನ್ನು ಮನೆಯಲ್ಲಿ... ಮಾತುಮಾತಿಗೂ 'ಏನು, ಏನು' ಎಂದರೆ ಅವಳಿಗೆ ಸಾಕಾಗಿ ಹೋಗುತ್ತದೆಂದು ಅರ್ಧ ಕೇಳಿಸಿದ್ದಕ್ಕೂ ತಲೆಯಾಡಿಸಿದ್ದ. ಅವಳು ಮಾತು ನಿಲ್ಲಿಸಿದಾಗ, ಅವಳಿಗೆ ಆಗಲೇ ಸಾಕಾಗಿದೆ ಎಂದುಕೊಂಡಿದ್ದ.

ಅವಳು ಅವನ ಮುಖಕ್ಕೆ ಮುಖ ಕೊಟ್ಟು, ದನಿಯೇರಿಸಿ ಕೇಳಿದಳು.

"ಅವತ್ತು ಅಡುಗೆಮನೆಯಲ್ಲಿ, ನಲ್ಲಿ ರಿಪೇರಿ ಮಾಡುವಾಗ... ನಾನು ಹೇಳಿದ್ದಕ್ಕೆ 'ಆಯ್ತು ಬಿಡು' ಅಂದ್ರಿ."

ಅವನು ಗೊಂದಲದಿಂದ ನೋಡಿದ. "ನಲ್ಲಿ ಸರಿಯಾಯ್ತು ಅಂದೆ. ನೀನು... ಅವತ್ತು ನೀನು ಏನಾದ್ರೂ ಹೇಳಿದ್ಯಾ?"

ಅವಳು ಎದ್ದಳು. ತೊಟ್ಟಿಲು ಓಲಾಡಿತು. ಅವನು ಗಾಬರಿಯಿಂದ ಸೊಂಟ ಹಿಡಿದುಕೊಂಡ. ಅವನನ್ನು ದಾಟಿ ಆ ಕಡೆ ಹೋಗಿ, ಒದ್ದೆ ಸೀಟಿನ ಮೇಲೇ ಕೂತಳು. ತಣ್ಣನೆ ನೀರು ಬಟ್ಟೆಗೆ ಇಳಿಯಿತು. ಅವನ ಬಲಗಿವಿಗೆ ತುಟಿ ತಾಗುವಷ್ಟು ಹತ್ತಿರ ಬಂದು, ಎಲ್ಲವನ್ನೂ ಹೇಳಿದಳು. ಬೇಕರಿ, ಆಸ್ಪತ್ರೆ, ಅಕ್ಕ, ಕೇಕಿನ ಮೇಲೆ ಬರೆದ ಹೆಸರು.

ಅವನು ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆರಳು ನೋಯುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಕೇಳಿದ, "ಶೀತ ಆಗಿದೆ ಅಂದಿದ್ಯಲ್ಲ ಒಂದ್ಸಲ ಫೋನಲ್ಲಿ, ದನಿಯೆಲ್ಲ ಬಿದ್ದುಹೋಗಿತ್ತು. ಅವತ್ತಾ?"

ಅವಳು ತಲೆಯಾಡಿಸಿದಳು. ಅವನು ಅವಳ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟ. ದೊಡ್ಡ ಗಂಡಸು, ಯಂತ್ರಗಳನ್ನು ಆಳುವವನು, ಸದ್ದೇ ಇಲ್ಲದೆ ಅಳುತ್ತಿದ್ದ. ಅವಳು ಆ ಮಗುವಿಗಾಗಿ ಇಷ್ಟು ದಿನ ಒಬ್ಬಳೇ ಅತ್ತಿದ್ದಳು.

ತೊಟ್ಟಿಲು ಕೆಳಗೆ ಬಂದಾಗ ಚಕ್ರ ನಡೆಸುವಾತ ಬಾಗಿಲಿಗೆ ಕೈ ಹಾಕಿದ. ಇಬ್ಬರ ಮುಖ ನೋಡಿ ಏನೂ ಕೇಳದೆ ಕೈ ಹಿಂದೆಗೆದ. ಸರದಿಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಚಕ್ರ ಮತ್ತೆ ತಿರುಗಿತು.

ಸಂಜೆ ಕೆರೆ ಕಡೆಯ ರೂಮಿನ ಬಾಲ್ಕನಿಯಲ್ಲಿ ಒಂದೇ ಕಂಬಳಿ ಹೊದ್ದು ಕೂತಿದ್ದರು. ಹೋಟೆಲಿನ ಉಳಿದ ಕಿಟಕಿಗಳೆಲ್ಲ ಕತ್ತಲಾಗಿದ್ದವು. ಊರಿಗೆ ಹೋದ ಕೂಡಲೇ ಕಿವಿ ಡಾಕ್ಟರ ಹತ್ತಿರ ಹೋಗುವುದು, ಜೊತೆಗೆ ತಾನೂ ಬರುವುದು ಎಂದು ಅವಳು ತೀರ್ಮಾನಿಸಿಯಾಗಿತ್ತು. ಕಂಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದು ಅವನೂ ಒಪ್ಪಿದ್ದ. ಮುಂದೇನು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಕಳೆದುಕೊಂಡದ್ದು ಕಳೆದುಕೊಂಡದ್ದೇ. ಆದರೆ ಈಗ ಅದು ಇಬ್ಬರದೂ ಆಗಿತ್ತು.

"ಹಡಗಿಗೆ ಹತ್ತಿಸಿಕೊಳ್ಳಲಿಲ್ಲ ಅಂದ್ರೆ ವರ್ಷಪೂರ್ತಿ ಮನೇಲೇ ಇರ್ತೀನಿ," ಎಂದ ಅವನು. "ದಿನಾ ಇದೇ ಮುಖ. ಬೇಜಾರಾಗಲ್ವಾ ಕ್ಯಾಪ್ಟನ್?"

"ಆಗುತ್ತೆ. ಆದಾಗ ಎಡಗಡೆ ಬಂದು ಚೆನ್ನಾಗಿ ಬೈತೀನಿ."

"ಬೈದು ಮುಗಿದ ಮೇಲೆ?"

ಅವಳು ಕಂಬಳಿಯೊಳಗೇ ಸರಿದು ಅವನ ಬಲಕ್ಕೆ ಬಂದಳು. ಕಿವಿಯ ಹತ್ತಿರ ಬಾಗಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಏನೋ ಹೇಳಿದಳು.

ಅವನು ಕಣ್ಣು ಮುಚ್ಚಿದ.

"ಇನ್ನೊಂದ್ಸಲ ಹೇಳು," ಎಂದ. "ಕೇಳಿಸ್ತು... ಆದ್ರೂ ಹೇಳು."