ನಾನೂರು ದಾಟಲಿ!

"ಬಿಗಿಯಾಗಿ ಹಿಡ್ಕೋ ಪುತ್ತರ್, ಹಿಡ್ಕೋ ಮಗಳೇ! ಪೇಟ ಮಡಚ್ತಿದ್ದೀವೋ, ಬಟ್ಟೆ ಒಣಹಾಕ್ತಿದ್ದೀವೋ?"

ಕೋಣೆಯ ಆ ತುದಿಯಿಂದ ದಾರ್‌ಜಿ ರೇಗಿದರು. ಅವರ ಉದ್ದನೆಯ ನೀಲಿ ಪೇಟದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಮೊಮ್ಮಗಳು ಹರ್ಲೀನ್ ಕೈಯಲ್ಲಿ. ದಿನಾ ಬೆಳಿಗ್ಗೆ ಇಬ್ಬರೂ ಎಳೆದು ಹಿಡಿದು ಮಡಚಿದರೇನೇ ಪೇಟ ನೆಟ್ಟಗೆ ಕೂರುವುದು. ಆದರೆ ಹರ್ಲೀನ್ ಕಣ್ಣೆಲ್ಲ ಮೇಜಿನ ಮೇಲಿದ್ದ ಮಮ್ಮಿಯ ಫೋನಿನ ಮೇಲೆ.

"ಮುನ್ನೂರ ತೊಂಬತ್ತಾರು! ದಾರ್‌ಜಿ, ಇನ್ನು ನಾಲ್ಕೇ ನಾಲ್ಕು!"

ದಿಲ್ಲಿಯ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ನಂಬರ್ ಅದು. ಚಳಿಗಾಲ ಬಂತೆಂದರೆ ಈ ಮನೆಯಲ್ಲಿ ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ ಅದನ್ನು ನೋಡುತ್ತಾರೆ. ನಾನೂರು ದಾಟಿದರೆ ಸ್ಕೂಲಿಗೆ ರಜೆ ಸಿಗಬಹುದು. ಇವತ್ತು ಐದನೇ ಕ್ಲಾಸಿಗೆ ಭಿನ್ನರಾಶಿ ಟೆಸ್ಟ್ ಬೇರೆ. ಹರ್ಲೀನ್ ಒಂದೇ ಒಂದು ಲೆಕ್ಕ ಮಾಡಿರಲಿಲ್ಲ!

"ಇಳೀಲಿ, ಇಳೀಲಿ. ಇವತ್ತು ಪಾರ್ಕಲ್ಲಿ ನಮ್ಮ ಇಸ್ಪೀಟ್ ಫೈನಲ್. ಆ ಚೋಪ್ರಾನ ಸೊಕ್ಕು ಮುರೀಬೇಕು," ಎಂದರು ದಾರ್‌ಜಿ.

"ಏರ್ಲಿ! ಏರ್ಲಿ!"

ನಂಬರ್ ನಾನೂರ ಒಂದಕ್ಕೆ ಏರಿತು. ಟಿಂಗ್! ಸ್ಕೂಲಿನಿಂದ ಮೆಸೇಜ್ ಬಂತು. ಹರ್ಲೀನ್ ಪೇಟದ ತುದಿ ಕೈಬಿಟ್ಟು ಕುಣಿದಳು.

"ರಜೆ! ದಾರ್‌ಜಿ, ನಾನ್ ಗೆದ್ದೆ, ನೀವು ಔಟ್!"

ಮಮ್ಮಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಇಣುಕಿ ದಾರ್‌ಜಿಯತ್ತ ತಿರುಗಿದಳು. "ಪಾಪಾಜಿ, ಹಾಗಾದ್ರೆ ನೀವೂ ಹೊರಗೆ ಹೋಗೋ ಹಾಗಿಲ್ಲ. ಡಾಕ್ಟರ್ ಏನ್ ಹೇಳಿದಾರೆ?"

"ಆ ಡಾಕ್ಟರಿಗೆ ಇಸ್ಪೀಟ್ ಬರಲ್ಲ. ಅದಕ್ಕೇ ಹಾಗೆ ಹೇಳ್ತಾನೆ," ಎನ್ನುವಷ್ಟರಲ್ಲಿ ದಾರ್‌ಜಿಗೆ ಕೆಮ್ಮು ಬಂತು. ಬಂದದ್ದು ಬೇಗ ನಿಲ್ಲಲಿಲ್ಲ.

ಆದರೂ ಅವರು ಪೇಟ ಸುತ್ತಿಕೊಂಡರು, ಮೀಸೆ ತಿದ್ದಿಕೊಂಡರು. ಮುಚ್ಚಿದ ಕಿಟಕಿಯ ಹತ್ತಿರ ಕೂತು ಪಂಜಾಬಿನ ಹಳ್ಳಿಯಲ್ಲಿದ್ದ ತಮ್ಮನಿಗೆ ಫೋನ್ ಹಚ್ಚಿದರು.

"ಏನೋ ಬಲ್ಕಾರ್, ಭತ್ತದ ಕೂಳೆಗೆ ಮತ್ತೆ ಬೆಂಕಿ ಇಟ್ಯಾ? ಹೊಗೆಯೆಲ್ಲ ನಮ್ಮ ಮೂಗಿಗೇ ಬರ್ತಿದೆ!"

"ಮೊದ್ಲು ನಿಮ್ಮೂರಿನ ಕಾರು ನಿಲ್ಸಣ್ಣ! ಅವೇನು ಊದುಬತ್ತಿ ಹೊಗೆ ಬಿಡ್ತಾವಾ?" ಫೋನಿನೊಳಗಿಂದ ಬಲ್ಕಾರ್ ಗುಡುಗಿದ.

ಅಣ್ಣ ತಮ್ಮ ಇಬ್ಬರೂ ಹೋ ಎಂದು ನಕ್ಕರು. ಹರ್ಲೀನ್ ಕೂಡ ನಕ್ಕಳು. ಆಮೇಲೆ ದೀಪಾವಳಿಯಲ್ಲಿ ತಾನು ಹೊಡೆದ ಪಟಾಕಿಯ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಬೇಜಾರು ಹತ್ತಿತು. ಹೊರಗೆ ಆಡುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. ದಾರ್‌ಜಿ ಜೊತೆ ಇಸ್ಪೀಟ್ ಆಡಲು ಕೂತು, ಎರಡು ಸಲ ಮೋಸ ಮಾಡಿ ಎರಡೂ ಸಲ ಸಿಕ್ಕಿಬಿದ್ದಳು.

"ಚೋಪ್ರಾ ಅಂಕಲ್ ಜೊತೆ ಕೊನೇ ಸಲ ಯಾವಾಗ ಆಡಿದ್ರಿ ದಾರ್‌ಜಿ?"

"ದೀಪಾವಳಿಗೆ ಮೊದ್ಲು." ದಾರ್‌ಜಿ ಎಲೆ ಕಲಸುತ್ತಾ ನಕ್ಕರು. "ನಿಂಗೆ ರಜೆ ಸಿಕ್ಕ ದಿನವೆಲ್ಲ ನಂಗೆ ಜೈಲು ಕಣೇ!"

ಹರ್ಲೀನ್‌ಗೆ ನಗು ಬರಲಿಲ್ಲ. ಆ ಒಂದೊಂದು ದಿನವೂ ಅವಳು ಕುಣಿದಿದ್ದಳು. ಅದೂ ಅವರ ಕಣ್ಣೆದುರಿಗೇ. ಅವಳಿಗೆ ತುಂಬ ಕೆಡುಕೆನಿಸಿತು.

ಸಂಜೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಬಾಲ್ಕನಿಯ ತಂತಿಯ ಮೇಲಿನ ಬಟ್ಟೆಗಳು ಪಟಪಟ ಹೊಡೆದುಕೊಂಡವು. ಅವನ್ನು ತೆಗೆಯಲು ಹರ್ಲೀನ್ ಹೊರಗೆ ಓಡಿದಳು. ಎದುರುಮನೆಯ ಬಾಲ್ಕನಿಯಿಂದ ಗೆಳತಿ ಇಶ್‌ಮೀತ್ ಕೂಗಿದಳು.

"ಕೆಟ್ವಿ ಕಣೇ ಹರ್ಲೀನ್! ಹೊಗೆಯೆಲ್ಲ ಹಾರಿಹೋಗುತ್ತೆ, ಸ್ಕೋರ್ ಇಳಿಯುತ್ತೆ, ನಾಳೆ ಟೆಸ್ಟ್! ಗಾಳಿ ನಿಲ್ಲಲಿ ಅಂತ ಬೇಡ್ಕೊಳ್ಳೇ, ಬೇಗ!"

ಹರ್ಲೀನ್ ಒಂದೂ ಭಿನ್ನರಾಶಿ ಲೆಕ್ಕ ಇನ್ನೂ ಮಾಡಿರಲಿಲ್ಲ. ಒಳಗೆ ದಾರ್‌ಜಿ ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದರು: "ಏಯ್ ಚೋಪ್ರಾ, ಗಾಳಿ ನೋಡಿದ್ಯೇನೋ? ನಾಳೆ ರೆಡಿಯಾಗಿರು!"

"ಬೀಸ್ಲಿ ಬಿಡೇ," ಎಂದಳು ಹರ್ಲೀನ್.

ಒಳಗೆ ಹೋಗಿ ಮ್ಯಾಥ್ಸ್ ಪುಸ್ತಕ ಹುಡುಕಿದಳು. ಅದು ಮಂಚದ ಕೆಳಗಿತ್ತು.